ಮೂತ್ರಮಾರ್ಗದ ಕ್ಷಯ : ನಮ್ಮ ಮನೆಯ ಅನುಭವ

ಕ್ಷಯರೋಗವೆಂದೊಡನೆ ಕಣ್ಣ ಮುಂದೆ ಬರುವುದು ಕೆಮ್ಮು, ಕಫ, ಸೊರಗಿದ ದೇಹ. ಇದು ಪುಪ್ಪುಸಕ್ಕೆ ಮಾತ್ರ ಬರುವ ಬೇನೆಯೆಂಬ ನಂಬಿಕೆ ನಮ್ಮ ಭಾಗದ ಹಳ್ಳಿಗಳಲ್ಲಿ ಇಂದಿಗೂ ಬಲವಾಗಿದೆ. ಆದರೆ ಕೂದಲು ಉಗುರುಗಳ ಹೊರತು ದೇಹದ ಯಾವ ಭಾಗಕ್ಕಾದರೂ ಕ್ಷಯ ತಗಲಬಹುದೆಂದು ವೈದ್ಯರು ಹೇಳುತ್ತಾರೆ. ಅದರಲ್ಲಿಯೂ ಮೂತ್ರಪಿಂಡ, ಮೂತ್ರಕೋಶ ಹಾಗೂ ಜನನಾಂಗಗಳಿಗೆ ತಗಲುವ ಕ್ಷಯವು ಎರಡು ಕಾರಣಗಳಿಂದ ಬಹುಕಾಲ ಮರೆಯಲ್ಲಿ ಉಳಿಯುತ್ತದೆ. ಒಂದು, ಅದರ ಲಕ್ಷಣಗಳು ಸಾಮಾನ್ಯ ಉರಿಮೂತ್ರದ ಲಕ್ಷಣಗಳಂತೆಯೇ ಇರುತ್ತವೆ. ಎರಡು, ಆ ಅಂಗಗಳ ಮಾತನ್ನು ಬಾಯಿಬಿಟ್ಟು ಆಡಲು ಜನ ಸಂಕೋಚಪಡುತ್ತಾರೆ. ಈ ಎರಡೂ ಕಾರಣಗಳು ಕೂಡಿ ನಮ್ಮ ಮನೆಯ ತರುಣನೊಬ್ಬನ ಮೂತ್ರಪಿಂಡವೊಂದನ್ನು ಹಾಳಾಗುವ ಅಂಚಿಗೆ ತಂದಿದ್ದವು. ರೋಗಿಯಾಗಿದ್ದ ನಮ್ಮ ತಮ್ಮನೂ ಅವನ ಹೆಂಡತಿಯೂ “ನಾಲ್ಕು ಮಂದಿಗೆ ಉಪಯೋಗ ಆಗೂದಾದರ ಬರೀರಿ” ಎಂದು ಒಪ್ಪಿಗೆ ಕೊಟ್ಟ ಮೇಲೆಯೇ ಈ ಮಾತುಗಳನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ನಮ್ಮ ಊರು ತಳಕಲ್. ಹುಬ್ಬಳ್ಳಿ-ಗುಂತಕಲ್ ರೈಲುಮಾರ್ಗದಲ್ಲಿ ಗದಗ ಮತ್ತು ಕೊಪ್ಪಳಗಳ ನಡುವೆ ಬರುತ್ತದೆ. ಹಿಂದೆ ರಾಯಚೂರು ಜಿಲ್ಲೆಯ ಯಲಬುರ್ಗಾ ತಾಲೂಕಿಗೆ ಸೇರಿದ್ದು, 1997ರಲ್ಲಿ ಕೊಪ್ಪಳ ಜಿಲ್ಲೆಯಾದಾಗ ಅದರೊಳಗೆ ಬಂದು, ಈಗ ಕುಕನೂರು ತಾಲೂಕಿನಲ್ಲಿದೆ. ನಮ್ಮದು ಜೋಳ, ಕಡಲೆ ಬೆಳೆಯುವ ಒಕ್ಕಲುತನದ ಕೂಡುಕುಟುಂಬ. ತಮ್ಮನಿಗೆ ಆಗ ಮೂವತ್ತನಾಲ್ಕು ವರ್ಷ. 2021ರ ಕೊನೆಯ ತಿಂಗಳುಗಳಲ್ಲಿ ಅವನಿಗೆ ಮೂತ್ರ ಪದೇ ಪದೇ ಬರಲಾರಂಭಿಸಿತು. ಬೇಸಗೆಯ ಉಷ್ಣವೆನ್ನಲು ಅದು ಬೇಸಗೆಯಲ್ಲ. ಜೀರಿಗೆ ಕಷಾಯ, ಎಳನೀರು, ಮಜ್ಜಿಗೆ ಎಲ್ಲವೂ ಆದವು. ಬಳಿಕ ಪಟ್ಟಣವೊಂದರ ಖಾಸಗಿ ದವಾಖಾನೆಯಲ್ಲಿ ಗುಳಿಗೆ ಬರೆಸಿಕೊಂಡು ಬಂದ. ಐದಾರು ದಿನ ಕಡಿಮೆಯಾಗುವುದು, ಮತ್ತೆ ಮರಳುವುದು. ಹೀಗೆಯೇ ಒಂದು ವರ್ಷ ಸಂದಿತು. ಮೂತ್ರದೊಡನೆ ಎರಡು ಸಲ ರಕ್ತವೂ ಕಾಣಿಸಿತ್ತೆಂಬುದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಅವನ ನಡವಳಿಕೆಯಲ್ಲಿ ಬದಲಾವಣೆ ಮಾತ್ರ ಎದ್ದು ಕಾಣುತ್ತಿತ್ತು. ಕೊಪ್ಪಳಕ್ಕೆ ಹೋಗಬೇಕಾದರೆ ಬಸ್ಸನ್ನು ಬಿಟ್ಟು ರೈಲಿಗಾಗಿ ಎಷ್ಟು ಹೊತ್ತಾದರೂ ಕಾಯುತ್ತಿದ್ದ. ರೈಲಿನಲ್ಲಿ ಶೌಚಾಲಯವಿರುತ್ತದೆಂಬುದೇ ಕಾರಣ. ಮದುವೆ ಮುಂಜಿಗಳಿಗೆ ಬರುವುದನ್ನು ಬಿಟ್ಟ. ಗವಿಮಠದ ಜಾತ್ರೆಗೆ ಎಂದೂ ತಪ್ಪದವನು ಆ ಜನಸಾಗರದಲ್ಲಿ ನಿಲ್ಲಲಾರೆನೆಂದು ಮನೆಯಲ್ಲಿಯೇ ಉಳಿದ. ಊರಿನ ಕೆಲವರು ಇದು ‘ಗುಪ್ತರೋಗ’ವೆಂದು ಪಿಸುಗುಟ್ಟಿದರು. ಇನ್ನೊಂದು ಕಡೆ, ಮದುವೆಯಾಗಿ ಐದು ವರ್ಷವಾದರೂ ತೊಟ್ಟಿಲು ಕಟ್ಟಲಿಲ್ಲವೆಂದು ಬಂಧುಬಳಗದವರು ಅವನ ಹೆಂಡತಿಯನ್ನು ಚುಚ್ಚುತ್ತಿದ್ದರು. ಉಡಿ ತುಂಬುವ ಕಾರ್ಯಗಳಿಗೆ ಅವಳನ್ನು ಕರೆಯದವರೂ ಇದ್ದರು. ಈ ಎರಡು ಸಂಕಟಗಳಿಗೆ ಮೂಲ ಒಂದೇ ಇರಬಹುದೆಂದು ಯಾರೂ ಊಹಿಸಿರಲಿಲ್ಲ.

2023ರ ಆರಂಭದಲ್ಲಿ ಅವನನ್ನು ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿಯ ವೈದ್ಯರು ಹಳೆಯ ಕಾಗದಗಳನ್ನೆಲ್ಲ ಸಾಲಾಗಿ ಜೋಡಿಸಿಕೊಂಡು, “ರಾತ್ರಿ ಎಷ್ಟು ಸಲ ಏಳತೀಯಪ್ಪಾ?” ಎಂದು ಕೇಳಿದರು. “ಎಂಟೊಂಬತ್ತು ಸಲ ಏಳತೀನ್ರೀ” ಎಂದ. “ಮನಿಯಾಗ ಯಾರಿಗಾದ್ರೂ ಟಿ.ಬಿ. ಆಗಿತ್ತೇನು?” ಎಂಬುದು ಮುಂದಿನ ಪ್ರಶ್ನೆ. ನಮ್ಮ ದೊಡ್ಡಪ್ಪನವರಿಗೆ ಇಪ್ಪತ್ತು ವರ್ಷಗಳ ಹಿಂದೆ ಪುಪ್ಪುಸದ ಕ್ಷಯವಾಗಿ ಗುಣವಾಗಿತ್ತು; ತಮ್ಮ ಚಿಕ್ಕವನಿದ್ದಾಗ ಅವರ ಮಗ್ಗುಲಲ್ಲಿಯೇ ಮಲಗುತ್ತಿದ್ದ. ಇದನ್ನು ಹೇಳಿದಾಗ ವೈದ್ಯರು ತಲೆಯಾಡಿಸಿ, ಹಳೆಯ ವರದಿಗಳಲ್ಲಿಯ ಒಂದು ಸಂಗತಿಯನ್ನು ತೋರಿಸಿದರು. ಪ್ರತಿ ಸಲವೂ ಮೂತ್ರದಲ್ಲಿ ಕೀವಿನ ಕಣಗಳು ತುಂಬಿದ್ದವು. ಆದರೆ ಕಲ್ಚರ್ ಪರೀಕ್ಷೆಯಲ್ಲಿ ಯಾವ ಕ್ರಿಮಿಯೂ ಬೆಳೆದಿರಲಿಲ್ಲ. ಕೀವು ಉಂಟು, ಕ್ರಿಮಿ ಇಲ್ಲ ಎಂದಾಗ ಮೊದಲು ನೆನೆಯಬೇಕಾದುದು ಕ್ಷಯವನ್ನೇ ಎಂದು ಅವರು ಹೇಳಿದರು. ಕ್ಷಯದ ಕ್ರಿಮಿ ಬಹು ನಿಧಾನವಾಗಿ ಬೆಳೆಯುವಂಥದು. ಎರಡು ಮೂರು ದಿನಗಳ ಸಾಮಾನ್ಯ ಕಲ್ಚರ್‌ನಲ್ಲಿ ಅದು ಕಾಣಸಿಗುವುದಿಲ್ಲ.

ರೋಗವು ಅಲ್ಲಿಗೆ ತಲುಪುವ ಬಗೆಯನ್ನು ಇಲ್ಲಿ ವಿವರಿಸುವುದು ಉಚಿತ. ಉಸಿರಿನೊಡನೆ ಪುಪ್ಪುಸಕ್ಕೆ ಬಂದ ಕ್ರಿಮಿಗಳಲ್ಲಿ ಕೆಲವು ರಕ್ತದೊಂದಿಗೆ ಹರಿದು ಮೂತ್ರಪಿಂಡವನ್ನು ಸೇರುತ್ತವೆ. ಅಲ್ಲಿ ಹತ್ತು ಇಪ್ಪತ್ತು ವರ್ಷಗಳವರೆಗೂ ನಿದ್ರಿಸುತ್ತಿದ್ದು, ಎಂದೋ ಒಂದು ದಿನ ಎಚ್ಚರಗೊಳ್ಳಬಹುದು. ಆಗ ಮೂತ್ರಪಿಂಡದಲ್ಲಿ ಹುಣ್ಣುಗಳಾಗಿ, ಕ್ರಿಮಿಗಳು ಮೂತ್ರದೊಡನೆ ಕೆಳಗಿಳಿದು ಮೂತ್ರನಾಳವನ್ನೂ ಮೂತ್ರಕೋಶವನ್ನೂ ಕೆಡಿಸುತ್ತವೆ. ನಾಳವು ಗಾಯ ಮಾಯುವಾಗ ಕುಗ್ಗಿ ಇಕ್ಕಟ್ಟಾದರೆ ಮೂತ್ರ ಮೇಲೆಯೇ ನಿಂತು ಮೂತ್ರಪಿಂಡ ಉಬ್ಬಿ, ಕ್ರಮೇಣ ಸತ್ವಹೀನವಾಗುತ್ತದೆ. ಸುಮಾರು 400ರಿಂದ 500 ಮಿಲಿಲೀಟರ್ ಹಿಡಿಯಬೇಕಾದ ಮೂತ್ರಕೋಶ ಸುಕ್ಕುಗಟ್ಟಿ ಚಿಕ್ಕದಾಗುತ್ತದೆ. ಪುರುಷರಲ್ಲಿ ವೃಷಣದ ಹಿಂಬದಿಯ ಸುರುಳಿನಾಳಕ್ಕೂ ಪ್ರಾಸ್ಟೇಟ್ ಗ್ರಂಥಿಗೂ, ಸ್ತ್ರೀಯರಲ್ಲಿ ಅಂಡನಾಳ ಹಾಗೂ ಗರ್ಭಾಶಯದ ಒಳಪದರಕ್ಕೂ ರೋಗ ತಗಲುತ್ತದೆ. ಜ್ವರ, ತೂಕ ಇಳಿಯುವುದು ಮುಂತಾದ ಕ್ಷಯದ ಪರಿಚಿತ ಲಕ್ಷಣಗಳು ಅನೇಕರಲ್ಲಿ ಇರುವುದೇ ಇಲ್ಲ.

ಪರೀಕ್ಷೆಗಳು ಒಂದೇ ದಿನದಲ್ಲಿ ಮುಗಿಯಲಿಲ್ಲ. ಬೆಳಗಿನ ಮೊದಲ ಮೂತ್ರವನ್ನು ಮೂರು ದಿನ ಸತತವಾಗಿ ಕೊಡಬೇಕಾಯಿತು. ಕ್ರಿಮಿಗಳು ಮೂತ್ರದಲ್ಲಿ ಎಲ್ಲ ಹೊತ್ತೂ ಸಮನಾಗಿ ಬರುವುದಿಲ್ಲ. ರಾತ್ರಿಯಿಡೀ ಕೂಡಿಕೊಂಡ ಮೂತ್ರದಲ್ಲಿ ಸಿಗುವ ಸಂಭವ ಹೆಚ್ಚು. ಸೂಕ್ಷ್ಮದರ್ಶಕದಲ್ಲಿ ನೋಡುವುದಷ್ಟೇ ಸಾಲದು. ಕ್ಷಯದ ಕ್ರಿಮಿಯನ್ನೇ ಹೋಲುವ ನಿರುಪದ್ರವಿ ಕ್ರಿಮಿಗಳೂ ಮೂತ್ರದಲ್ಲಿರಬಹುದು. ಆದ್ದರಿಂದ ಕ್ರಿಮಿಯ ವಂಶಧಾತುವನ್ನೇ ಗುರುತಿಸುವ ಸಿಬಿನ್ಯಾಟ್ ಎಂಬ ಯಂತ್ರಪರೀಕ್ಷೆಗೂ, ಕ್ಷಯಕ್ಕೆಂದೇ ಇರುವ ಕಲ್ಚರ್‌ಗೂ ಕಳಿಸಿದರು. ಮೊದಲನೆಯದರ ಫಲಿತಾಂಶ ಕೆಲವೇ ಗಂಟೆಗಳಲ್ಲಿ ಬರುತ್ತದೆ. ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಕ್ರಿಮಿ ಬಗ್ಗುತ್ತದೆಯೋ ಇಲ್ಲವೋ ಎಂಬುದನ್ನೂ ಅದು ತಿಳಿಸುತ್ತದೆ. ಕಲ್ಚರ್‌ಗೆ ಆರೆಂಟು ವಾರಗಳೂ ಹಿಡಿಯಬಹುದು. ಈ ಪರೀಕ್ಷೆಗಳಲ್ಲಿ ಕ್ರಿಮಿ ಸಿಗದಿದ್ದರೂ ರೋಗವಿಲ್ಲವೆಂದು ಹೇಳಲಾಗದು; ಆಗ ದುರ್ಬೀನಿನಿಂದ ಮೂತ್ರಕೋಶವನ್ನು ನೋಡಿ ಚೂರು ಮಾಂಸವನ್ನು ತೆಗೆದು ಪರೀಕ್ಷಿಸುತ್ತಾರೆ. ರಕ್ತದಲ್ಲಿ ಪ್ರತಿಕಾಯ ನೋಡಿ ಕ್ಷಯವನ್ನು ಹೇಳುವ ಪರೀಕ್ಷೆಗಳನ್ನು ಭಾರತ ಸರ್ಕಾರ 2012ರಲ್ಲಿಯೇ ನಿಷೇಧಿಸಿದೆಯೆಂಬುದನ್ನು ಓದುಗರು ತಿಳಿದಿರಬೇಕು.

ತಮ್ಮನ ಮೂತ್ರದಲ್ಲಿ ಕ್ಷಯದ ಕ್ರಿಮಿ ಸಿಕ್ಕಿತು. ಪುಣ್ಯಕ್ಕೆ ಅದು ಔಷಧಿಗೆ ಬಗ್ಗುವಂಥದಾಗಿತ್ತು. ಸಿ.ಟಿ. ಸ್ಕ್ಯಾನಿಂಗ್‌ನಲ್ಲಿ ಎಡ ಮೂತ್ರನಾಳದ ಕೆಳತುದಿ ಇಕ್ಕಟ್ಟಾಗಿ ಮೂತ್ರಪಿಂಡ ಉಬ್ಬಿದ್ದು ಕಂಡಿತು. ಕೂಡಲೇ ನಾಳದೊಳಗೆ ಸ್ಟೆಂಟ್ ಎಂಬ ತೆಳುವಾದ ಕೊಳವೆಯನ್ನು ಇರಿಸಿ ಮೂತ್ರ ಇಳಿಯಲು ದಾರಿ ಮಾಡಿದರು. ಇನ್ನು ಆರು ತಿಂಗಳು ತಡವಾಗಿದ್ದರೆ ಆ ಮೂತ್ರಪಿಂಡವನ್ನು ತೆಗೆಯುವುದೊಂದೇ ಉಳಿಯುತ್ತಿತ್ತೇನೋ ಎಂದರು. ಒಂದು ವರ್ಷ ನುಂಗಿದ ಗುಳಿಗೆಗಳ ಬಗೆಗೂ ಅವರು ಹೇಳಿದ ಮಾತು ಮುಖ್ಯವಾದುದು. ಉರಿಮೂತ್ರಕ್ಕೆ ಸಾಮಾನ್ಯವಾಗಿ ಕೊಡುವ ಸಿಪ್ರೊಫ್ಲಾಕ್ಸಸಿನ್‌ನಂಥ ಔಷಧಿಗಳು ಕ್ಷಯದ ಕ್ರಿಮಿಯನ್ನೂ ತುಸು ಕುಗ್ಗಿಸುತ್ತವೆ, ಕೊಲ್ಲುವುದಿಲ್ಲ. ಅದರಿಂದ ರೋಗಿಗೆ ಕೆಲದಿನ ಹಿತವೆನಿಸಿ, ನಿಜವಾದ ರೋಗ ಇನ್ನಷ್ಟು ಮರೆಯಾಗುತ್ತದೆ.

ಹೆಚ್.ಐ.ವಿ. ಹಾಗೂ ಸಕ್ಕರೆ ಕಾಯಿಲೆಯ ಪರೀಕ್ಷೆಗಳನ್ನು ಮಾಡಿದಾಗ ತಮ್ಮನ ಮುಖ ಬಾಡಿತು. ಕ್ಷಯವಾದ ಪ್ರತಿಯೊಬ್ಬರಿಗೂ ಮಾಡುವ ಪರೀಕ್ಷೆಯಿದು, ಶೀಲದ ಪರೀಕ್ಷೆಯಲ್ಲ ಎಂದು ವೈದ್ಯರು ತಿಳಿಸಿ ಹೇಳಿದರು. ಎರಡೂ ಇರಲಿಲ್ಲ. ಬಳಿಕ ವೀರ್ಯ ಪರೀಕ್ಷೆಯಾಯಿತು. ರೋಗದಿಂದ ಎರಡೂ ಕಡೆಯ ವೀರ್ಯನಾಳಗಳು ಮುಚ್ಚಿಹೋಗಿ ಬೀಜಾಣುಗಳು ಹೊರಬರುತ್ತಲೇ ಇರಲಿಲ್ಲ. ಹೆಂಡತಿಯನ್ನೂ ಪರೀಕ್ಷಿಸಿದರು, ಅವಳಲ್ಲಿ ಯಾವ ದೋಷವೂ ಕಾಣಲಿಲ್ಲ. ಐದು ವರ್ಷ ಅವಳು ಕೇಳಿದ ಮಾತುಗಳಿಗೆಲ್ಲ ಆ ಒಂದು ಕಾಗದ ಉತ್ತರವಾಗಿತ್ತು. ಊರಿಗೆ ಮರಳಿದ ದಿನ ತಮ್ಮನು ಮನೆಯ ಹಿರಿಯರೆಲ್ಲರ ಮುಂದೆ ಕುಳಿತು, “ಕೊರತಿ ನನ್ನಾಗ ಐತಿ, ಇನ್ನ ಮ್ಯಾಲ ಆಕಿಗೆ ಯಾರೂ ಒಂದು ಮಾತು ಅನ್ನಬ್ಯಾಡ್ರಿ” ಎಂದ. ಅವ್ವ ಏನೂ ಮಾತಾಡದೆ ಒಳಗೆ ಹೋಗಿ ಸೊಸೆಯ ಉಡಿ ತುಂಬಿದಳು. ಔಷಧಿಗಿಂತ ಮೊದಲು ಗುಣವಾದದ್ದು ಆ ಗಾಯ.

ಚಿಕಿತ್ಸೆ ಆರು ತಿಂಗಳಿನದು. ಮೊದಲ ಎರಡು ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪಿರಾಜಿನಮೈಡ್, ಎಥಾಂಬುಟಾಲ್ ಎಂಬ ನಾಲ್ಕು ಔಷಧಿಗಳು; ಮುಂದಿನ ನಾಲ್ಕು ತಿಂಗಳು ಪಿರಾಜಿನಮೈಡನ್ನು ಬಿಟ್ಟು ಉಳಿದ ಮೂರು. ತೂಕಕ್ಕೆ ತಕ್ಕಷ್ಟು ಗುಳಿಗೆಗಳನ್ನು ದಿನವೂ ತಪ್ಪದೆ ನುಂಗಬೇಕು. ಸರ್ಕಾರದ ಕ್ಷಯ ನಿರ್ಮೂಲನಾ ಕಾರ್ಯಕ್ರಮದಲ್ಲಿ ಇವೆಲ್ಲ ಉಚಿತ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ರೋಗಿಯ ಬ್ಯಾಂಕ್ ಖಾತೆಗೆ ಬರುತ್ತಿತ್ತು. 2024ರ ನವೆಂಬರಿನಿಂದ ಅದನ್ನು 1000 ರೂಪಾಯಿಗೆ ಏರಿಸಲಾಗಿದೆ. ಔಷಧಿ ಆರಂಭಿಸಿದ ದಿನವೇ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿ ತಮ್ಮ ಗಾಬರಿಯಾದ. ಅದು ರಿಫಾಂಪಿಸಿನ್‌ನ ಬಣ್ಣವೇ ಹೊರತು ರಕ್ತವಲ್ಲ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ, ಕೈಕಾಲು ಜೋಮು ಹಿಡಿದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಎರಡನೆಯ ತಿಂಗಳಿಗೇ ಉರಿ ನಿಂತು ಮೈ ಹಗುರವಾದಾಗ ಅನೇಕರು ಗುಳಿಗೆ ಬಿಡುತ್ತಾರೆ. ಉಳಿದ ಕ್ರಿಮಿಗಳು ಔಷಧಿಗೆ ಬಗ್ಗದಂತಾಗಲು ಅದೇ ಹಾದಿ. ಇನ್ನೊಂದು ಎಚ್ಚರಿಕೆಯೂ ಉಂಟು: ಗಾಯ ಮಾಯುತ್ತ ಬಂದಂತೆ ಮೂತ್ರನಾಳ ಮತ್ತಷ್ಟು ಕುಗ್ಗಬಹುದು. ಆದ್ದರಿಂದ ಹಿತವೆನಿಸಿದರೂ ವೈದ್ಯರು ಹೇಳಿದ ದಿನಗಳಲ್ಲಿ ಸ್ಕ್ಯಾನಿಂಗ್ ಮಾಡಿಸಲೇಬೇಕು.

ಈ ಆರು ತಿಂಗಳ ಹಿಂದೆ ಎಷ್ಟು ಜನರ ದುಡಿಮೆಯಿದೆ ಎಂಬುದನ್ನು ನೆನೆದರೆ ಕೃತಜ್ಞತೆ ಮೂಡುತ್ತದೆ. ರಾಬರ್ಟ್ ಕಾಕ್ ಕ್ಷಯದ ಕ್ರಿಮಿಯನ್ನು ಲೋಕಕ್ಕೆ ತೋರಿಸಿದ್ದು 1882ರ ಮಾರ್ಚ್ 24ರಂದು. ಐಸೋನಿಯಾಜಿಡ್ ಬಳಕೆಗೆ ಬಂದದ್ದು 1952ರಲ್ಲಿ. ಆಸ್ಪತ್ರೆಯಲ್ಲಿ ಮಲಗಿಸದೆ ಮನೆಯಲ್ಲಿಯೇ ಔಷಧಿ ಕೊಟ್ಟರೂ ಕ್ಷಯ ಅಷ್ಟೇ ಚೆನ್ನಾಗಿ ಗುಣವಾಗುತ್ತದೆಂದು 1950ರ ದಶಕದ ಕೊನೆಯಲ್ಲಿ ಸಿದ್ಧಮಾಡಿ ತೋರಿಸಿದ್ದು ನಮ್ಮ ನೆರೆಯ ಮದ್ರಾಸಿನ ಸಂಶೋಧಕರು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅದರವರು ತುಮಕೂರು ಜಿಲ್ಲೆಯ ಹಳ್ಳಿಗಳನ್ನು ಸುತ್ತಿ ರೋಗದ ಹರಡುವಿಕೆಯನ್ನು ಅಳೆದರು. ಇಂದು ರೋಗಿಯು ತನ್ನ ಮನೆಯಲ್ಲಿ, ತನ್ನವರ ನಡುವೆಯೇ ಇದ್ದು ಗುಣಹೊಂದುತ್ತಿರುವುದು ಇಂಥವರ ಶ್ರಮದಿಂದ.

ಸ್ತ್ರೀಯರ ವಿಷಯವನ್ನು ಪ್ರತ್ಯೇಕವಾಗಿಯೇ ಹೇಳಬೇಕು. ಅವರಲ್ಲಿ ಜನನಾಂಗದ ಕ್ಷಯವು ಬಹುತೇಕ ಅಂಡನಾಳಗಳಲ್ಲಿ ಆರಂಭವಾಗುತ್ತದೆ. ಮುಟ್ಟು ಕಡಿಮೆಯಾಗುವುದು, ಕಿಬ್ಬೊಟ್ಟೆಯ ನೋವು, ಬಿಳಿ ಸೆರಗು ಇರಬಹುದು. ಮಕ್ಕಳಾಗದಿರುವುದೊಂದನ್ನು ಬಿಟ್ಟು ಬೇರಾವ ಲಕ್ಷಣವೂ ಇಲ್ಲದಿರಬಹುದು. ಗರ್ಭಾಶಯದ ಒಳಪದರದ ಚೂರನ್ನು ತೆಗೆದು ಪರೀಕ್ಷಿಸುವುದು, ಅಂಡನಾಳದ ಎಕ್ಸ್‌ರೇ, ಹೊಟ್ಟೆಯೊಳಗೆ ದುರ್ಬೀನಿನಿಂದ ನೋಡುವುದು, ಇವು ಪರೀಕ್ಷೆಯ ಮಾರ್ಗಗಳು. ಔಷಧಿ ಅವರಿಗೂ ಅದೇ ಆರು ತಿಂಗಳು. ಬೇಗ ಗೊತ್ತಾದರೆ ಗರ್ಭ ನಿಲ್ಲುವ ಆಸೆ ಉಳಿಯುತ್ತದೆ. ನಾಳಗಳು ಕೆಟ್ಟುಹೋದ ಮೇಲೆ ರೋಗ ಗುಣವಾದರೂ ಅವು ಮೊದಲಿನಂತಾಗುವುದು ಕಷ್ಟ. ಆದ್ದರಿಂದ ಮಕ್ಕಳಾಗದ ದಂಪತಿಗಳಲ್ಲಿ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಪರೀಕ್ಷೆಗೆ ಹೋಗಬೇಕು. ಹೆಣ್ಣನ್ನು ಮಾತ್ರ ಊರೂರು ಅಲೆಸುವುದು ಅನ್ಯಾಯ. ಹೆಣ್ಣು ಗಂಡೆಂಬ ಭೇದವನ್ನು ಒಪ್ಪದ ಶರಣರ ನೆಲದಲ್ಲಿ ಅದು ಇನ್ನೂ ದೊಡ್ಡ ಅನ್ಯಾಯ.

ಮೂತ್ರಮಾರ್ಗದ ಕ್ಷಯ ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಕುಳಿತರೆ ಅಂಟುವುದಿಲ್ಲ. ಪುಪ್ಪುಸದಲ್ಲಿಯೂ ರೋಗವಿದೆಯೇ ಎಂದು ನೋಡಲು ಎದೆಯ ಎಕ್ಸ್‌ರೇ ಮಾತ್ರ ಅವಶ್ಯ. ಹೈನಿನ ಮನೆಗಳವರು ಹಾಲನ್ನು ಚೆನ್ನಾಗಿ ಕಾಯಿಸದೆ ಕುಡಿಯಬಾರದು. ದನಗಳ ಕ್ಷಯವು ಹಸಿ ಹಾಲಿನಿಂದ ಮನುಷ್ಯರಿಗೆ ಬರುವುದುಂಟು.

ತಮ್ಮನೀಗ ರಾತ್ರಿ ಒಂದೆರಡು ಸಲ ಏಳುತ್ತಾನೆ, ಅಷ್ಟೇ. ಎಡ ಮೂತ್ರಪಿಂಡ ಪೂರ್ಣವಾಗಿ ಅಲ್ಲದಿದ್ದರೂ ಕೆಲಸ ಮಾಡುತ್ತಿದೆ. ಹೊಲದ ಕಾಯಕಕ್ಕೆ ಮರಳಿದ್ದಾನೆ. ಮಗು ಇನ್ನೂ ಆಗಿಲ್ಲ. ವೃಷಣದಿಂದಲೇ ಬೀಜಾಣು ತೆಗೆದು ಪ್ರಯೋಗಾಲಯದಲ್ಲಿ ಗರ್ಭ ಕಟ್ಟಿಸುವ ಉಪಾಯವುಂಟೆಂದು ವೈದ್ಯರು ಹೇಳಿದ್ದಾರೆ. ಅದರ ಖರ್ಚು ದೊಡ್ಡದು, ಫಲ ಖಚಿತವಲ್ಲ. ಆ ನಿರ್ಧಾರವನ್ನು ಗಂಡ ಹೆಂಡತಿಗೇ ಬಿಟ್ಟಿದ್ದೇವೆ.

ಓದುಗ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟು. ಉರಿಮೂತ್ರಕ್ಕೆ ಎರಡು ಸಲ ಔಷಧಿ ತೆಗೆದುಕೊಂಡರೂ ಅದು ಮರಳಿದರೆ, ಮೂತ್ರದಲ್ಲಿ ಒಮ್ಮೆಯಾದರೂ ರಕ್ತ ಕಂಡರೆ, ವೃಷಣದಲ್ಲಿ ನೋವಿಲ್ಲದ ಗಂಟು ಸಿಕ್ಕರೆ, “ಇದು ಕ್ಷಯವಿರಬಹುದೇ, ಪರೀಕ್ಷಿಸಿರಿ” ಎಂದು ವೈದ್ಯರನ್ನು ನೀವೇ ಕೇಳಿರಿ. ನಿಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿದರೂ ಸಾಕು, ದಾರಿ ತೋರಿಸುತ್ತಾರೆ. ಮನೆಯ ಹಿರಿಯರು ಮಕ್ಕಳೊಡನೆ, ಸೊಸೆಯಂದಿರೊಡನೆ ಈ ಮಾತನ್ನು ನಾಚಿಕೆಯಿಲ್ಲದೆ ಆಡಲಿ. ಕಾಯವೇ ಕಾಯಕಕ್ಕೆ ಮೂಲ. ಅದರ ಯಾವ ಅಂಗವೂ ಹೀನವಲ್ಲ, ಅದಕ್ಕೆ ಬಂದ ಯಾವ ಬೇನೆಯೂ ಮುಚ್ಚಿಡತಕ್ಕದ್ದಲ್ಲ.