ಮೂಗು ಪುಸ್ತಕಕ್ಕೆ, ಕಿವಿ ಸಿನಿಮಾಕ್ಕೆ

ಕಾದಂಬರಿ ಓದಿಕೊಂಡು ಸಿನಿಮಾಕ್ಕೆ ಬರುವವರದೇ ಒಂದು ಪಂಗಡ. ದೀಪ ಆರುವ ತನಕ ಸಭ್ಯರಾಗಿಯೇ ಕೂತಿರುತ್ತಾರೆ. ಹೆಸರುಗಳೆಲ್ಲ ಬಂದುಹೋಗಿ ಕಥೆ ಶುರುವಾಯಿತೋ, ಪಕ್ಕದವರ ಕಡೆ ವಾಲಿ ಪಿಸುಗುಡುತ್ತಾರೆ: “ಪುಸ್ತಕದಲ್ಲಿ ಹೀಗಿಲ್ಲ.” ನಮ್ಮ ಅತ್ತಿಗೆ ಈ ಪಂಗಡದ ಹಿರಿಯ ಸದಸ್ಯೆ. ಇಂಟರ್‌ವಲ್ ಹೊತ್ತಿಗೆ ನಿರ್ದೇಶಕನ ಮೇಲಿನ ಆರೋಪಪಟ್ಟಿ ಅವರ ಬಳಿ ಸಿದ್ಧವಾಗಿರುತ್ತದೆ. ಅವರ ಜೊತೆ ಸಿನಿಮಾ ನೋಡುವುದು ಕಷ್ಟ. ನೋಡಿಬಂದ ಮೇಲೆ ಅವರ ಮನೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಜಗಳವಾಡುವುದು ಮಾತ್ರ ಪರಮಸುಖ.

‘ಸಂಸ್ಕಾರ’ ನೋಡಿದ ದಿನ ಅವರು ತೆಗೆದ ತಕರಾರು ನನಗೆ ಈಗಲೂ ಬಿಡಿಸಲಾಗದ ಗಂಟು. “ನೋಡಪ್ಪ, ಆ ನಾರಣಪ್ಪನಿಗೆ ಮುಖ ಕೊಡಬಾರದಿತ್ತು” ಎಂದರು. ಅನಂತಮೂರ್ತಿಯವರ 1965ರ ಕಾದಂಬರಿ ತೆರೆದುಕೊಳ್ಳುವ ಹೊತ್ತಿಗೇ ನಾರಣಪ್ಪ ಹೆಣ. ಅವನನ್ನು ನಾವು ಕಾಣುವುದು ಉಳಿದವರ ನೆನಪು, ಸಿಟ್ಟು, ಹೊಟ್ಟೆಕಿಚ್ಚುಗಳ ಮೂಲಕ. ಒಬ್ಬೊಬ್ಬ ಓದುಗನಿಗೂ ಒಬ್ಬೊಬ್ಬ ನಾರಣಪ್ಪ. 1970ರಲ್ಲಿ ಪಟ್ಟಾಭಿರಾಮ ರೆಡ್ಡಿ ಸಿನಿಮಾ ಮಾಡಿದಾಗ ಆ ಜಾಗಕ್ಕೆ ಪಿ. ಲಂಕೇಶರು ಬಂದು ಕೂತರು. ಕಥೆಯ ನಾಯಕ ಪ್ರಾಣೇಶಾಚಾರ್ಯರಾಗಿ ನಟಿಸಿದ ಗಿರೀಶ ಕಾರ್ನಾಡರೇ ಚಿತ್ರಕಥೆಯನ್ನೂ ಬರೆದಿದ್ದರು. ಹೀಗೆ ಒಬ್ಬ ಲೇಖಕನ ಕಾದಂಬರಿಯೊಳಗೆ ಇನ್ನಿಬ್ಬರು ಲೇಖಕರು ಎದುರುಬದುರು ನಿಂತು ವಾದಕ್ಕಿಳಿದರು. ಲಂಕೇಶರ ಆ ಉಡಾಫೆಯ ನೋಟ ಒಮ್ಮೆ ಕಂಡಮೇಲೆ ಪುಸ್ತಕಕ್ಕೆ ಮರಳಿದರೂ ಅದು ಬಿಟ್ಟುಹೋಗುವುದಿಲ್ಲ. ಅತ್ತಿಗೆಗೆ ಅದು ನಷ್ಟ. ನನಗೋ, ಅಷ್ಟು ಜೀವಂತವಾಗಿದ್ದವನು ಸತ್ತನಲ್ಲ ಎಂಬ ಸಂಕಟ ಸಿನಿಮಾದಲ್ಲೇ ಹೆಚ್ಚು ನಾಟಿತು.

ಆದರೆ ನಾನು ಸೋಲೊಪ್ಪುವ ಜಾಗ ಬೇರೆ ಇದೆ. ಅದು ವಾಸನೆ. ‘ಸಂಸ್ಕಾರ’ವನ್ನು ನಾನು ಮೂಗಿನಿಂದ ಓದಿದ್ದೇನೆ. ಉಗ್ರಾಣದಿಂದ ಹೊರಬಂದು ಗಿರಗಿರ ಸುತ್ತಿ ಸಾಯುವ ಇಲಿಗಳು, ಮನೆಗಳ ಮೇಲೆ ಕೂರುವ ಹದ್ದುಗಳು, ಹೆಣ ಎತ್ತದೆ ಉಣ್ಣುವಂತಿಲ್ಲ ಎಂದು ಕಂಗಾಲಾದ ಬ್ರಾಹ್ಮಣರು. ಅವರಲ್ಲೂ ಆ ದಾಸಾಚಾರ್ಯ! ಹಸಿವು ತಾಳಲಾರದೆ ಪಾರಿಜಾತಪುರದ ಮಂಜಯ್ಯನ ಮನೆಗೆ ಹೋಗಿ ತಿಂದುಬರುವ ಅವನನ್ನು ನೆನೆದರೆ ಅಷ್ಟು ದುರ್ನಾತದ ನಡುವೆಯೂ ನಗು ಬರುತ್ತದೆ. ಇಡೀ ದೂರ್ವಾಸಪುರದ ನಾತಕ್ಕೆ ನಾರಣಪ್ಪನ ಹೆಣವೇ ಕಾರಣವೆಂದು ಅಗ್ರಹಾರ ನಂಬಿ ಕೂತಿರುತ್ತದೆ. ಓದುಗನಿಗೆ ಮಾತ್ರ ಗೊತ್ತು, ಅವನ ಜೊತೆ ಬಾಳಿದ ಚಂದ್ರಿ ಮೀನಿನ ವ್ಯಾಪಾರಿ ಸಾಬಿಯ ಗಾಡಿಯ ನೆರವಿನಿಂದ ರಾತ್ರೋರಾತ್ರಿ ಅದನ್ನು ಸುಟ್ಟುಮುಗಿಸಿದ್ದಾಳೆ. ಹೆಣ ಬೂದಿಯಾದ ಮೇಲೂ ನಾತ ಉಳಿದೇ ಇದೆ. ಅದು ಪ್ಲೇಗಿನದು. ಅನಂತಮೂರ್ತಿಯವರ ವ್ಯಂಗ್ಯವೆಲ್ಲ ಮೂಗಿನ ಮೇಲೆ ನಿಂತಿದೆ. ಆಸ್ಟ್ರೇಲಿಯಾದ ಟಾಮ್ ಕೋವನ್ ಕಪ್ಪುಬಿಳುಪಿನಲ್ಲಿ ಆ ಮನೆ, ಆ ಕಾಡು, ಆ ಮುಖಗಳನ್ನು ಎಷ್ಟೇ ಚೆನ್ನಾಗಿ ಹಿಡಿದಿರಲಿ, ಮೂಗು ಮುಚ್ಚಿಕೊಂಡ ಮನುಷ್ಯನನ್ನು ತೋರಿಸಬಹುದೇ ಹೊರತು ನಮ್ಮ ಮೂಗಿಗೆ ಏನನ್ನೂ ಮುಟ್ಟಿಸಲಾರರು.

ಇಷ್ಟು ಹೇಳಿದ್ದೇ ತಡ, ಅತ್ತಿಗೆ ಗೆದ್ದ ಸಂಭ್ರಮದಲ್ಲಿ ಇನ್ನೊಂದು ಲೋಟ ಕಾಫಿ ತಂದರು. ಆಗ ನಾನು ‘ಚೋಮನ ದುಡಿ’ಯನ್ನು ಎತ್ತಿದೆ.

ಶಿವರಾಮ ಕಾರಂತರು ಈ ಕಾದಂಬರಿಯನ್ನು 1933ರಲ್ಲಿ ಪ್ರಕಟಿಸಿದರು. ಅಸ್ಪೃಶ್ಯನೆಂದು ದೂರವಿಟ್ಟ ಚೋಮನಿಗೆ ಎತ್ತುಗಳಿವೆ, ಉಳುವ ಆಸೆಯಿದೆ, ಉಳಲು ನೆಲವಿಲ್ಲ. ಸಿಟ್ಟು ಬಂದರೂ ದುಡಿ, ಸಂತೋಷವಾದರೂ ದುಡಿ, ಮಕ್ಕಳನ್ನು ಕಳೆದುಕೊಂಡರೂ ದುಡಿ. ಮಾತಿನಲ್ಲಿ ಹೇಳಲಾಗದ್ದನ್ನೆಲ್ಲ ಅವನು ಬೆರಳಿನಲ್ಲಿ ಹೇಳುತ್ತಾನೆ. ಇಂಥ ಕಥೆಗೆ ಅಚ್ಚಿನ ಅಕ್ಷರ ಬಡವಾಗುತ್ತದೆ. ಪುಟದ ಮೇಲೆ ಎಷ್ಟು ಸಲ ಡಮಡಮ ಬರೆದರೂ ಸಿಟ್ಟಿನ ಡಮಡಮಕ್ಕೂ ದುಃಖದ ಡಮಡಮಕ್ಕೂ ಇರುವ ಅಂತರವನ್ನು ಓದುಗನೇ ತನ್ನ ತಲೆಯೊಳಗೆ ಬಾರಿಸಿಕೊಳ್ಳಬೇಕು. ದುಡಿಯನ್ನೇ ಕೇಳದ ಬಯಲುಸೀಮೆಯ ನನ್ನಂಥವನು ಏನು ಬಾರಿಸಿಕೊಂಡಾನು? ಊರಹಬ್ಬದ ತಮಟೆಯನ್ನೇ ಚೋಮನ ಕೈಗೆ ಕೊಟ್ಟು ಓದಿ ಮುಗಿಸಿದ್ದೆ.

1975ರಲ್ಲಿ ಇದನ್ನು ತೆರೆಗೆ ತಂದವರು ಬಿ.ವಿ. ಕಾರಂತರು. ಹುಟ್ಟಿದ್ದು ದಕ್ಷಿಣ ಕನ್ನಡದಲ್ಲಿ, ಬೆಳೆದದ್ದು ರಂಗಭೂಮಿಯಲ್ಲಿ, ಕಿವಿಯಂತೂ ಸಂಗೀತಗಾರನದು. ಅವರ ಕೈಯಲ್ಲಿ ದುಡಿ ಹಿನ್ನೆಲೆ ಸಂಗೀತವಾಗಿ ಉಳಿಯದೆ ಪಾತ್ರವೇ ಆಯಿತು. ಎಂ.ವಿ. ವಾಸುದೇವ ರಾವ್ ಚೋಮನಾಗಿ ಹೆಚ್ಚು ಮಾತಾಡುವುದಿಲ್ಲ. ಆ ಒಣಗಿದ ಮೈ, ಆ ಭುಜದ ಸೆಳೆತ, ಅದರ ಕೆಳಗೆ ದುಡಿ. ಅವರಿಗೆ ಶ್ರೇಷ್ಠ ನಟನ ರಾಷ್ಟ್ರಪ್ರಶಸ್ತಿ ಬಂತು, ಚಿತ್ರಕ್ಕೆ ಸ್ವರ್ಣಕಮಲ ಬಂತು. ಎರಡೂ ಸರಿಯೇ. ಕೊನೆಯಲ್ಲಿ ಚೋಮ ಬಾಗಿಲು ಹಾಕಿಕೊಂಡು ಬಾರಿಸುತ್ತಾ ಹೋಗುವುದು ಕಾದಂಬರಿಯಲ್ಲೂ ಇದೆ. ಅಲ್ಲಿ ಅದನ್ನು ನನಗೆ ಬೇಕಾದ ವೇಗದಲ್ಲಿ ಓದಿ ಪುಟ ತಿರುವಬಹುದು. ಸಿನಿಮಾದಲ್ಲಿ ಆ ಸ್ವಾತಂತ್ರ್ಯವಿಲ್ಲ. ಅವನು ಬಾರಿಸುವಷ್ಟು ಹೊತ್ತೂ ಕೂತು ಕೇಳಬೇಕು.

“ಅದೇನೋ ಸರಿ, ಆದರೆ ‘ನಾಗರಹಾವು’?” ಎಂದು ಅತ್ತಿಗೆ ತಮ್ಮ ಕೊನೆಯ ಬಾಣ ತೆಗೆದರು. ಅಲ್ಲಿ ನಾನು ಹುಷಾರಾಗಿದ್ದೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದಾಗಿಸಿ 1972ರಲ್ಲಿ ಪುಟ್ಟಣ್ಣ ಕಣಗಾಲ್ ಮಾಡಿದ ಚಿತ್ರ ಅದು. ಮೂಲ ಲೇಖಕರಿಗೆ ಚಿತ್ರ ಹಿಡಿಸಲಿಲ್ಲ, ನಾಡಿಗೆಲ್ಲ ಹಿಡಿಸಿತು. ಈ ಮೊಕದ್ದಮೆಯಲ್ಲಿ ತೀರ್ಪು ಕೊಡಲು ನಾನು ಸಿದ್ಧನಿಲ್ಲ. ಚಾಮಯ್ಯ ಮೇಷ್ಟ್ರು ಎಂದರೆ ಕೆ.ಎಸ್. ಅಶ್ವಥ್ ಎಂದು ನನ್ನ ಮನಸ್ಸು ಎಂದೋ ಸಹಿ ಹಾಕಿಬಿಟ್ಟಿದೆ. ಹೀಗೆ ಲಂಚ ತಿಂದವನು ನ್ಯಾಯಾಧೀಶನಾಗಬಾರದು.

ಮುಂದಿನ ವಾರ ‘ಘಟಶ್ರಾದ್ಧ’ ನೋಡೋಣವೆಂದು ಮಾತಾಯಿತು. ಅದರ ಮೂಲ ಅನಂತಮೂರ್ತಿಯವರದೇ ಒಂದು ಸಣ್ಣಕಥೆ. ಗಿರೀಶ ಕಾಸರವಳ್ಳಿಯವರು 1977ರಲ್ಲಿ ಅದನ್ನು ಪೂರ್ತಿ ಸಿನಿಮಾ ಮಾಡಿದರು. ‘ಅದು ಬಿಟ್ಟರು, ಇದು ಬಿಟ್ಟರು’ ಎನ್ನಲು ಈ ಸಲ ಅವಕಾಶವೇ ಇಲ್ಲವಲ್ಲ ಅತ್ತಿಗೆ ಎಂದು ನಾನು ಕೆಣಕಿದೆ. ಅವರು ಲೋಟ ಎತ್ತಿಕೊಂಡು ಒಳಗೆ ಹೋಗುತ್ತಾ ಹೇಳಿದರು: “ಸೇರಿಸಿದ್ದು ಎಷ್ಟು ಅಂತ ಕೇಳ್ತೀನಿ, ಬಾ.”