ಪ್ರವಾಸವೆಂಬ ಅಕ್ಕಡಿ ಸಾಲು

ಭಾರತೀಯ ಕಾವ್ಯಮೀಮಾಂಸೆಯಲ್ಲಿ ‘ಪ್ರವಾಸ’ವು ವಿಪ್ರಲಂಭ ಶೃಂಗಾರದ ಒಂದು ಪ್ರಭೇದ. ಪ್ರಿಯನು ಊರು ಬಿಟ್ಟು ದೂರದಲ್ಲಿ ನೆಲಸಿದಾಗ ಹುಟ್ಟುವ ಅಗಲಿಕೆಯ ನೋವಿಗೆ ಆಲಂಕಾರಿಕರು ಕೊಟ್ಟ ಹೆಸರದು. ಇಂದಿನ ಕನ್ನಡದಲ್ಲಿ ಅದೇ ಪದ ಸಂತೋಷಕ್ಕಾಗಿ ಕೈಗೊಳ್ಳುವ ಯಾತ್ರೆಯನ್ನು ಸೂಚಿಸುತ್ತದೆ. ವಿರಹವನ್ನೂ ವಿಹಾರವನ್ನೂ ಒಂದೇ ಪದ ಹೊತ್ತಿರುವುದು ಭಾಷಾವಿಜ್ಞಾನಿಗೆ ಅರ್ಥಪಲ್ಲಟದ ಒಂದು ಉದಾಹರಣೆಯಾಗಿ ಕಾಣಬಹುದು. ಪರದೇಶದಲ್ಲಿ ಒಲೆ ಹೂಡಿದವರಿಗಾದರೋ ಅದು ದಿನನಿತ್ಯದ ಇಕ್ಕಟ್ಟು.

ಕನ್ನಡದ ಪ್ರವಾಸ ಸಾಹಿತ್ಯ ಶ್ರೀಮಂತವಾದುದು. ವಿ. ಕೃ. ಗೋಕಾಕರ ‘ಸಮುದ್ರದಾಚೆಯಿಂದ’, ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಅಮೆರಿಕದಲ್ಲಿ ಗೊರೂರು’ ಮೊದಲಾದವು ಪರದೇಶದ ಜನಜೀವನವನ್ನು ಕುತೂಹಲದಿಂದ ಕಂಡು ಬರೆದ ಕೃತಿಗಳು. ಆದರೆ ಇವೆಲ್ಲ ಹೋಗಿ ಬಂದವರ ಬರಹಗಳು. ಹಿಂದಿರುಗುವುದು ನಿಶ್ಚಿತವಾಗಿರುವವರ ಸಂತೋಷಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಹೋದಲ್ಲಿಯೇ ವರ್ಷಗಟ್ಟಲೆ ನಿಲ್ಲಬೇಕಾದವರ ಸಂತೋಷಕ್ಕೆ ಮಾತ್ರ ಒಂದು ಅಪರಾಧದ ನೆರಳು ಅಂಟಿಕೊಂಡೇ ಇರುತ್ತದೆ.

ತುಮಕೂರು ಜಿಲ್ಲೆಯ ಬಯಲುಸೀಮೆಯ ಹಳ್ಳಿಯೊಂದರಿಂದ ಬಂದು, ಕನ್ನಡ ಅಧ್ಯಾಪಕಿಯಾಗಿ ಹಲವು ವರ್ಷ ಪಾಠ ಹೇಳಿ, ಪತಿಯ ಉದ್ಯೋಗದ ನಿಮಿತ್ತ ಜರ್ಮನಿಯ ಟ್ಯೂಬಿಂಗನ್ ಪಟ್ಟಣದಲ್ಲಿ ನೆಲಸಿದ ಒಬ್ಬಾಕೆಯ ಅನುಭವ ಈ ದೃಷ್ಟಿಯಿಂದ ವಿಚಾರಾರ್ಹವಾದುದು. ಆಕೆ ಅಲ್ಲಿಗೆ ಹೋದದ್ದು 2016ರಲ್ಲಿ. ಹಳಗನ್ನಡದ ಮೇಲೆ ಆರಂಭಿಸಿದ್ದ ಸಂಶೋಧನೆ ಅರ್ಧಕ್ಕೆ ನಿಂತಿತ್ತು. ಹಳ್ಳಿಯ ಮನೆಯಲ್ಲಿ ತಾಯಿ ಒಬ್ಬಂಟಿಯಾಗಿ ಉಳಿದಿದ್ದಳು. ಈ ಎರಡು ಋಣಗಳು ಬೆನ್ನಿಗಿರುವಾಗ ನೆಕ್ಕರ್ ನದಿಯ ದಡದಲ್ಲಿ ಕುಳಿತು, ವಿದ್ಯಾರ್ಥಿಗಳು ಉದ್ದನೆಯ ಗಳೆಯೂರಿ ನಡೆಸುವ ದೋಣಿಗಳನ್ನು ನೋಡಿ ಸುಖಿಸುವುದು ಆಕೆಗೆ ಸಲ್ಲದ ಕೆಲಸವೆಂದು ತೋರುತ್ತಿತ್ತು. ವಾರಕ್ಕೊಮ್ಮೆ ತಾಯಿಗೆ ಫೋನು ಮಾಡಿದಾಗ ಬರುತ್ತಿದ್ದ ಮೊದಲ ಪ್ರಶ್ನೆ ಒಂದೇ: “ಉಂಡ್ಯೇನವ್ವಾ? ಏನು ಸಾರು?” ಆಕೆಯ ಉತ್ತರವೂ ಒಂದೇ: “ಅನ್ನ, ಬೇಳೆಸಾರು ಅವ್ವ. ಆದ್ರೆ ಊರಿನ ರುಚಿ ಇಲ್ಲ ಬಿಡು.”

ಅದು ಬಹುಪಾಲು ಸುಳ್ಳಾಗಿತ್ತು. ಆ ಊರಿನ ಊಟದ ರುಚಿ ಆಕೆಗೆ ಹಿಡಿಸಿಬಿಟ್ಟಿತ್ತು. ಶ್ವಾಬಿಯ ಎಂದು ಕರೆಯಲಾಗುವ ಆ ಸೀಮೆಯಲ್ಲಿ ಹಿಟ್ಟು, ಮೊಟ್ಟೆಗಳನ್ನು ಕಲಸಿ, ಕುದಿಯುವ ನೀರಿನೊಳಕ್ಕೆ ಒರಳಿನಿಂದ ಒತ್ತಿ ಬೇಯಿಸುವ ಸ್ಪೆಟ್ಸ್‌ಲ ಎಂಬ ತಿನಿಸಿದೆ. ಅದನ್ನು ಒತ್ತುವ ಒರಳನ್ನು ಮೊದಲ ಬಾರಿ ಕಂಡಾಗ ಊರಿನ ಶಾವಿಗೆ ಒರಳು ಕಣ್ಣಮುಂದೆ ನಿಂತಿತು. ಹಿಟ್ಟಿನ ಹಾಳೆಯೊಳಗೆ ಹೂರಣ ತುಂಬುವ ಮೌಲ್‌ಟಾಶೆನ್ ಎಂಬ ಮತ್ತೊಂದು ತಿನಿಸಿನ ಬಗೆಗೆ ಅಲ್ಲಿನ ಜನ ಒಂದು ಐತಿಹ್ಯ ಹೇಳುತ್ತಾರೆ. ಉಪವಾಸದ ಕಾಲದಲ್ಲಿ ಮಾಂಸವನ್ನು ದೇವರ ಕಣ್ಣಿಗೆ ಬೀಳದಂತೆ ಅಡಗಿಸಲು ಮಠದ ಸನ್ಯಾಸಿಗಳು ಅದನ್ನು ಕಂಡುಹಿಡಿದರಂತೆ. ತಿನ್ನುವ ಸುಖವನ್ನು ಬಚ್ಚಿಡಬೇಕಾದ ಸಂಕಟ ತನ್ನೊಬ್ಬಳದೇ ಅಲ್ಲವೆಂದು ಆಕೆ ನಕ್ಕದ್ದುಂಟು. ಆದರೂ ಫೋನಿನಲ್ಲಿ ಉತ್ತರ ಬದಲಾಗಲಿಲ್ಲ. ತಾನು ಕೊರಗುತ್ತಿದ್ದೇನೆ ಎಂಬ ನಂಬಿಕೆಯೇ ತಾಯಿಗೆ ಸಮಾಧಾನ ಕೊಡುತ್ತದೆಂದು ಆಕೆ ಭಾವಿಸಿದ್ದಳು.

ಟ್ಯೂಬಿಂಗನ್ ಕನ್ನಡಿಗರಿಗೆ ಅಪರಿಚಿತವಾಗಬೇಕಾದ ಊರಲ್ಲ. 1477ರಲ್ಲಿ ಸ್ಥಾಪನೆಯಾದ ಅಲ್ಲಿನ ವಿಶ್ವವಿದ್ಯಾಲಯವು ರೆವರೆಂಡ್ ಫರ್ಡಿನೆಂಡ್ ಕಿಟೆಲ್ಲರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ನೀಡಿತು. ಬದುಕಿನ ಕೊನೆಯ ವರ್ಷಗಳನ್ನು ಅದೇ ಊರಿನಲ್ಲಿ ಕಳೆದ ಕಿಟೆಲ್ 1903ರಲ್ಲಿ ಅಲ್ಲಿಯೇ ತೀರಿಕೊಂಡರು. ಮಲಯಾಳ ನಿಘಂಟನ್ನು ರಚಿಸಿದ ಹರ್ಮನ್ ಗುಂಡರ್ಟರ ಗ್ರಂಥಸಂಗ್ರಹ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಗುಂಡರ್ಟರ ಮಗಳ ಮಗನಾದ ಹರ್ಮನ್ ಹೆಸ್ಸೆ 1895ರಿಂದ 1899ರವರೆಗೆ ಆ ಊರಿನ ಹೆಕ್ಕೆನ್‌ಹೌವರ್ ಪುಸ್ತಕದಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ. ಮುಂದೆ ‘ಸಿದ್ಧಾರ್ಥ’ವನ್ನು ಬರೆಯಲಿದ್ದ ತರುಣನೂ ಕನ್ನಡ ನಿಘಂಟನ್ನು ಮುಗಿಸಿ ವಿಶ್ರಮಿಸುತ್ತಿದ್ದ ವೃದ್ಧನೂ ಒಂದೇ ಕಾಲದಲ್ಲಿ ಆ ಕಲ್ಲುಹಾಸಿನ ಬೀದಿಗಳಲ್ಲಿ ನಡೆದಾಡಿದವರು. ಇದು ತಿಳಿದ ಮೇಲೆ ಆಕೆಯ ಸಂಜೆಯ ತಿರುಗಾಟಕ್ಕೆ ಹೊಸದೊಂದು ಉತ್ಸಾಹ ಬಂತು.

ಗ್ರಂಥಾಲಯದಲ್ಲಿ ಆಕೆ ಕಿಟೆಲ್ ಕೋಶವನ್ನು ಮತ್ತೆ ಕೈಗೆತ್ತಿಕೊಂಡಳು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ 1894ರಲ್ಲಿ ಹೊರಬಂದ, ಸುಮಾರು 70,000 ಪದಗಳ ಆ ಬೃಹತ್ ಗ್ರಂಥವನ್ನು ಊರಿನಲ್ಲಿದ್ದಾಗ ಆಕೆ ಹಳಗನ್ನಡ ಪದಗಳ ಅರ್ಥಕ್ಕಾಗಿ ಮಾತ್ರ ತೆರೆಯುತ್ತಿದ್ದಳು. ಇಲ್ಲಿ ಆಕೆಯ ಕಣ್ಣು ಬೇರೆ ಪದಗಳ ಮೇಲೆ ನಿಂತಿತು. ಒರಳು, ಒನಕೆ, ಮೊರ. ತನ್ನ ಬಾಲ್ಯದಲ್ಲಿ ಕೈಗೆ ಎಟಕುತ್ತಿದ್ದ ಈ ವಸ್ತುಗಳು ತಾಯಿಯ ಮನೆಯಲ್ಲಿಯೂ ಈಗ ಮೂಲೆ ಸೇರಿವೆ. ಪ್ರಾಚೀನ ಕಾವ್ಯಗಳ ಪದಗಳ ಜೊತೆಗೆ ಅಡುಗೆಮನೆಯ, ಕಣದ, ಸಂತೆಯ ಮಾತುಗಳೂ ಗಾದೆಗಳೂ ಆ ಕೋಶದಲ್ಲಿ ಸಾಲುಗಟ್ಟಿವೆ. ಇವುಗಳಲ್ಲಿ ಎಷ್ಟೋ ಓಲೆಗರಿಗಳಲ್ಲಿ ಸಿಗುವಂಥವಲ್ಲ. ಬಲ್ಲವರ ಬಳಿಗೆ ಹೋಗಿ ಕೇಳಿಯೇ ಸಂಗ್ರಹಿಸಬೇಕಾದಂಥವು. ಪರದೇಶದಿಂದ ಬಂದು ನೆಲಸಿದವನೊಬ್ಬ ಕೇಳಿ ಬರೆದಿಟ್ಟ ಮಾತುಗಳನ್ನು, ಪರದೇಶಕ್ಕೆ ಹೋಗಿ ನೆಲಸಿದವಳೊಬ್ಬಳು ಅವನು ಕಣ್ಣು ಮುಚ್ಚಿದ ಊರಿನಲ್ಲಿ ಓದುತ್ತಿದ್ದಳು. ತಾನು ತಾಯಿಯನ್ನು ಎಂದಾದರೂ ಹೀಗೆ ಕೇಳಿದ್ದುಂಟೇ ಎಂಬ ಪ್ರಶ್ನೆ ಆಗ ಆಕೆಗೆ ಎದುರಾಯಿತು.

ಆ ಪ್ರಶ್ನೆ ಬಲವಾದದ್ದು ಒಂದು ಬಟ್ಟಲು ಬೇಳೆಯಿಂದ. ಟ್ಯೂಬಿಂಗನ್ನಿನ ದಕ್ಷಿಣಕ್ಕೆ ಶ್ವಾಬಿಯದ ಆಲ್ಬ್ ಎಂಬ ಸುಣ್ಣಕಲ್ಲಿನ ಪ್ರಸ್ಥಭೂಮಿಯಿದೆ. ಮಣ್ಣು ತೆಳು, ಮಳೆನೀರು ನಿಲ್ಲದ ನೆಲ. 2018ರ ಬೇಸಗೆಯಲ್ಲಿ ದಂಪತಿಗಳು ಅಲ್ಲಿಗೆ ಹೋದಾಗ ಹಳ್ಳಿಯ ಊಟದ ಮನೆಯೊಂದರಲ್ಲಿ ಸ್ಪೆಟ್ಸ್‌ಲದ ಜೊತೆಗೆ ಬೇಯಿಸಿದ ಮಸೂರದ ಕಾಳನ್ನು ಬಡಿಸಿದರು. ಜೊತೆಗೆ ಕೊಡುವ ಸಾಸೇಜನ್ನು ಆಕೆ ಬೇಡವೆಂದಿದ್ದಳು. ಸ್ವಲ್ಪ ವಿನೆಗರ್ ಸೇರಿದ ಆ ಹುಳಿ ನಾಲಗೆಗೆ ತಾಗಿದಾಗ ಊರಿನ ಹುಳಿಸಾರು ನೆನಪಾಯಿತು. ಆ ಕಾಳನ್ನು ಅಲ್ಲಿನ ಆಡುಮಾತಿನಲ್ಲಿ ‘ಲೈಸ’ ಎನ್ನುತ್ತಾರೆ. ಅದರ ಚರಿತ್ರೆ ವಿಸ್ಮಯಕರವಾದುದು.

ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಆಲ್ಬ್ ಸೀಮೆಯಲ್ಲಿ ಬೆಳೆಯುತ್ತಿದ್ದ ಈ ಕಾಳು ಇಳುವರಿ ಕಡಿಮೆ, ದುಡಿಮೆ ಹೆಚ್ಚು ಎಂಬ ಕಾರಣದಿಂದ ಹೊಲಗಳಿಂದ ಮರೆಯಾಯಿತು. 1980ರ ದಶಕದಲ್ಲಿ ಲೌಟರಾಖ್ ಎಂಬ ಹಳ್ಳಿಯ ರೈತ ಕುಟುಂಬವೊಂದು ಮಸೂರದ ಬೇಸಾಯವನ್ನು ಮತ್ತೆ ಆರಂಭಿಸಿದಾಗ ಸ್ಥಳೀಯ ತಳಿಗಳ ಒಂದು ಕಾಳೂ ಉಳಿದಿರಲಿಲ್ಲ. ಬೇರೆ ದೇಶದ ತಳಿಯನ್ನು ಬಿತ್ತಬೇಕಾಯಿತು. ಕಳೆದುಹೋಗಿದ್ದ ಆ ತಳಿಗಳು 2006ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರದ ವಾವಿಲೋವ್ ಸಂಸ್ಥೆಯ ಬೀಜಭಂಡಾರದಲ್ಲಿ ಪತ್ತೆಯಾದವು. ಅಲ್ಲಿಂದ ತಂದ ಹಿಡಿಯಷ್ಟು ಕಾಳನ್ನು ವರ್ಷದಿಂದ ವರ್ಷಕ್ಕೆ ಬಿತ್ತಿ ಹೆಚ್ಚಿಸಿದ ಮೇಲೆ ಆಲ್ಬ್ ಸೀಮೆಗೆ ತನ್ನ ಲೈಸ ಮರಳಿ ದಕ್ಕಿತು. ಎರಡನೆಯ ಮಹಾಯುದ್ಧದಲ್ಲಿ, 1941ರಿಂದ 1944ರವರೆಗೆ, ಜರ್ಮನ್ ಸೇನೆ ಆ ನಗರವನ್ನು ಮುತ್ತಿದ್ದಾಗ ಈ ಬೀಜಭಂಡಾರವನ್ನು ಕಾಯುತ್ತಿದ್ದ ಹಲವು ವಿಜ್ಞಾನಿಗಳು ಧಾನ್ಯದ ನಡುವೆಯೇ ಹಸಿವಿನಿಂದ ಸತ್ತರು. ಸಂಸ್ಥೆಗೆ ಹೆಸರಾದ ನಿಕೊಲಾಯ್ ವಾವಿಲೋವ್ ತನ್ನದೇ ಸರ್ಕಾರದ ಸೆರೆಮನೆಯಲ್ಲಿ 1943ರಲ್ಲಿ ಅಸುನೀಗಿದ. ಮುತ್ತಿದವರ ನಾಡಿನ ಕಾಳು ಮುತ್ತಿಗೆಗೆ ಒಳಗಾದವರ ಉಗ್ರಾಣದಿಂದ ಮರಳಿ ಬಂದದ್ದು ಹೀಗೆ.

ಊಟದ ಅನಂತರ ಆಕೆ ಹೊಲದ ಬದುವಿನಲ್ಲಿ ನಿಂತಳು. ಮಸೂರದ ಗಿಡ ನೆಟ್ಟಗೆ ನಿಲ್ಲಲಾರದು, ನೆಲಕ್ಕೆ ಒರಗುತ್ತದೆ. ಅದಕ್ಕೆ ಆಸರೆಯಾಗಲೆಂದು ಅಲ್ಲಿನ ರೈತರು ಬಾರ್ಲಿಯನ್ನೋ ಓಟ್ಸನ್ನೋ ಜೊತೆಯಲ್ಲಿ ಬಿತ್ತುತ್ತಾರೆ. ಎರಡು ಬೆಳೆ ಒಂದನ್ನೊಂದು ಹಿಡಿದುಕೊಂಡು ನಿಂತಿದ್ದ ಆ ಹೊಲವನ್ನು ಕಂಡು ಆಕೆಯ ಬಾಯಿಗೆ ಬಂದ ಪದ ‘ಅಕ್ಕಡಿ’. ರಾಗಿಯ ಹೊಲದಲ್ಲಿ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಸಾಲಾಗಿ ಬಿತ್ತುವ ತನ್ನ ಸೀಮೆಯ ಪದ್ಧತಿಯ ಹೆಸರದು. ಆ ಪದವನ್ನು ಉಚ್ಚರಿಸಿ ಎಷ್ಟು ವರ್ಷಗಳಾಗಿದ್ದವೋ!

ಆ ರಾತ್ರಿ ಫೋನಿನಲ್ಲಿ ಎಂದಿನ ಪ್ರಶ್ನೆ ಬಂದಾಗ ಆಕೆ ಮೊದಲ ಬಾರಿಗೆ ನಿಜವನ್ನು ಹೇಳಿದಳು. ಒರಳಿನಲ್ಲಿ ಒತ್ತಿದ ಹಿಟ್ಟಿನ ಎಳೆ, ಹುಳಿ ಹಾಕಿದ ಕಾಳು, ಚೆನ್ನಾಗಿತ್ತು, ಎರಡು ಸಲ ಬಡಿಸಿಕೊಂಡೆ ಎಂದಳು. ತಾಯಿ ಕ್ಷಣಕಾಲ ಸುಮ್ಮನಿದ್ದು, “ಅಷ್ಟು ದೂರ ಹೋಗಿ ಇಲ್ಲಿದ್ದದ್ದನ್ನೇ ಉಣ್ಣೋದಾದ್ರೆ ಹೋಗಿದ್ದು ಯಾತಕ್ಕೆ? ಇಷ್ಟು ದಿನ ನೀನು ಸರಿಯಾಗಿ ಉಣ್ತಾನೇ ಇಲ್ಲ ಅಂತ ನನಗೂ ತುತ್ತು ಇಳೀತಿರಲಿಲ್ಲ” ಎಂದಳು. ತಾಯಿಗೆ ಸಮಾಧಾನವೆಂದು ಎರಡು ವರ್ಷ ಹೇಳುತ್ತ ಬಂದಿದ್ದ ಸುಳ್ಳು ಅವಳ ಊಟವನ್ನು ಕಿತ್ತುಕೊಂಡಿತ್ತು. ಮಗಳಿಗೆ ಮಾತು ಹೊರಡಲಿಲ್ಲ.

ಬಳಿಕ ಆಕೆ ಅಕ್ಕಡಿಯ ವಿಚಾರ ಎತ್ತಿದಳು. ತಾಯಿಯ ಧ್ವನಿ ಬದಲಾಯಿತು. ತಮ್ಮ ಹೊಲದಲ್ಲಿ ಅಕ್ಕಡಿ ಬಿಟ್ಟು ಬಹುಕಾಲವಾಯಿತು. ಕೊಳವೆಬಾವಿ ಬಂತು, ಅಡಿಕೆ ಬಂತು. ಆ ಅವರೆಯ ಬೀಜ ಈಗ ಊರಿನಲ್ಲಿ ಯಾರ ಮನೆಯಲ್ಲಿಯೂ ಇಲ್ಲ. ಕೂರಿಗೆಯ ಹಿಂದೆ ಸಡ್ಡೆ ಕಟ್ಟಿ ಬಿತ್ತುತ್ತಿದ್ದುದು, ಎಡೆಕುಂಟೆ ಹೊಡೆಯುತ್ತಿದ್ದುದು, ಬೂದಿ ಬೆರೆಸಿ ವಾಡೆಯಲ್ಲಿ ಬೀಜ ಇಡುತ್ತಿದ್ದುದು ಒಂದೊಂದಾಗಿ ಬಂದವು. ಮಗಳು ಕೈಗೆ ಸಿಕ್ಕ ಕಾಗದದ ಹಿಂಬದಿಯಲ್ಲಿ ಬರೆದುಕೊಳ್ಳತೊಡಗಿದಳು. ‘ಸಡ್ಡೆ’ಯ ಅರ್ಥ ಕೇಳಿದಾಗ ತಾಯಿ ನಕ್ಕು, “ಕಾಲೇಜಿನಲ್ಲಿ ಕನ್ನಡ ಹೇಳ್ತಿದ್ದೋಳಿಗೆ ಇದೂ ಗೊತ್ತಿಲ್ವ?” ಎಂದಳು.

ಬಿ. ಜಿ. ಎಲ್. ಸ್ವಾಮಿಯವರು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ದಲ್ಲಿ ತೋರಿಸಿಕೊಟ್ಟಂತೆ ನಮ್ಮದೆಂದು ನಾವು ಉಣ್ಣುವ ಎಷ್ಟೋ ಕಾಯಿಪಲ್ಲೆಗಳು ಕಡಲು ದಾಟಿ ಬಂದವು. ಬೀಜಕ್ಕೆ ಪ್ರವಾಸ ಹೊಸತಲ್ಲ, ಪದಕ್ಕೂ ಹೊಸತಲ್ಲ. ಪರದೇಶದಲ್ಲಿ ಸುಖಪಡುವುದು ತವರಿಗೆ ಬಗೆವ ದ್ರೋಹವೆಂಬ ಭಾವನೆಗೆ ಆಧಾರವಿಲ್ಲ. ಆಕೆಯ ಮಟ್ಟಿಗೆ ನಿಜವಾದ ನಷ್ಟ ಸಂಭವಿಸಿದ್ದು ಸುಖವನ್ನು ಮುಚ್ಚಿಟ್ಟ ವರ್ಷಗಳಲ್ಲಿ. ಆಗ ಅಲ್ಲಿಯ ರುಚಿಯೂ ಮನೆಗೆ ತಲುಪಲಿಲ್ಲ, ಮನೆಯ ಮಾತೂ ಆಕೆಗೆ ದಕ್ಕಲಿಲ್ಲ.

ಹಳಗನ್ನಡದ ಸಂಶೋಧನೆ ಅರ್ಧಕ್ಕೇ ಉಳಿಯಿತು. ಅದರ ಸ್ಥಾನದಲ್ಲಿ ಬೇಸಾಯದ ಪದಗಳ ಒಂದು ನೋಟುಪುಸ್ತಕ ಬೆಳೆಯತೊಡಗಿತು. 2019ರಲ್ಲಿ ಆಕೆ ಊರಿಗೆ ಹಿಂದಿರುಗಿದಾಗ ಅದು ಜೊತೆಯಲ್ಲಿತ್ತು. ಅದರ ಬಹುಪಾಲು ಟ್ಯೂಬಿಂಗನ್ನಿನ ಅಡುಗೆಮನೆಯಲ್ಲಿ, ಒಂದು ಕೈಯಲ್ಲಿ ಫೋನು ಹಿಡಿದು, ಕಾಳು ಬೇಯುತ್ತಿರುವಾಗ ಬರೆದದ್ದು. ಅಲ್ಲಲ್ಲಿ ಸಾರಿನ ಕಲೆಗಳಿವೆ.