ಧೂಮಕೇತುವಿನ ದಾರಿ ಎಣಿಸಿದ ಗೃಹಿಣಿ

ಬಾನಿನಲ್ಲಿ ಬಾಲಚುಕ್ಕಿ ಮೂಡಿತೆಂದರೆ ಹಿಂದಿನ ಜನರು ಕೇಡು ಬಂದಿತೆಂದು ಎದೆಗುಂದುತ್ತಿದ್ದರು. 1531, 1607 ಮತ್ತು 1682ರಲ್ಲಿ ಕಾಣಿಸಿಕೊಂಡುದು ಒಂದೇ ಧೂಮಕೇತುವೆಂದೂ, 1758ರ ಸುಮಾರಿಗೆ ಅದು ಮರಳುವುದೆಂದೂ ಇಂಗ್ಲೆಂಡಿನ ಹ್ಯಾಲಿಯು ಸಾರಿ, 1742ರಲ್ಲಿ ತೀರಿಕೊಂಡನು. ಈ ಕಥೆಯನ್ನು ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಅದರ ಉಳಿದರ್ಧವನ್ನು ಕೇಳಿದವರು ವಿರಳ.

‘ಸುಮಾರು’ ಎಂಬ ಮಾತಿನಿಂದ ಗಣಿತಕ್ಕೆ ತೃಪ್ತಿಯಿಲ್ಲ. ಗುರು ಮತ್ತು ಶನಿಗ್ರಹಗಳು ಧೂಮಕೇತುವನ್ನು ತಮ್ಮೆಡೆಗೆ ಸೆಳೆದು ಅದರ ನಡಿಗೆಯನ್ನು ತಡೆಯುತ್ತವೆ. ಆ ತಡವೆಷ್ಟು? ಇದಕ್ಕೆ ಬೇಕಾದ ಸೂತ್ರಗಳನ್ನು ಫ್ರಾನ್ಸಿನ ಗಣಿತಜ್ಞನಾದ ಕ್ಲೇರೋ ರಚಿಸಿದನು. ಅವುಗಳಲ್ಲಿ ಅಂಕಿಗಳನ್ನು ತುಂಬಿ ಬಿಡಿಸುವ ಭಾರವನ್ನು ಹೊತ್ತವರು ಖಗೋಳಜ್ಞನಾದ ಲಲಾಂದ್ ಮತ್ತು ನಿಕೋಲ್-ರೇನ್ ಲೆಪೋತ್ ಎಂಬ ಮಹಿಳೆ. ಆಕೆ 1723ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದವಳು. ಅರಸನ ಗಡಿಯಾರಗಾರನ ಹೆಂಡತಿ. 1755ರಲ್ಲಿ ಗಂಡನು ಪ್ರಕಟಿಸಿದ ಗಡಿಯಾರ ವಿದ್ಯೆಯ ಗ್ರಂಥಕ್ಕೆ ಲೋಲಕಗಳ ಕೋಷ್ಟಕವನ್ನು ಸಿದ್ಧಪಡಿಸಿದವಳೂ ಆಕೆಯೇ.

ಸುಮಾರು 150 ವರ್ಷಗಳ ಅವಧಿಗೆ ಎರಡೂ ಗ್ರಹಗಳ ದೂರವನ್ನೂ ಸೆಳೆತವನ್ನೂ ಹೆಜ್ಜೆಹೆಜ್ಜೆಗೆ ಎಣಿಸಬೇಕಾಗಿದ್ದಿತು. ಆರು ತಿಂಗಳ ಕಾಲ ಬೆಳಗಿನಿಂದ ರಾತ್ರಿಯವರೆಗೆ, ಕೆಲವೊಮ್ಮೆ ಊಟದ ಹೊತ್ತಿನಲ್ಲಿಯೂ ಈ ಲೆಕ್ಕ ನಡೆಯಿತು. ಗುರುವಿನಿಂದ 518 ದಿನ, ಶನಿಯಿಂದ 100 ದಿನ ತಡವೆಂದು ಲೆಕ್ಕ ಬಂದಿತು. ಧೂಮಕೇತುವು 1759ರ ಏಪ್ರಿಲ್ ನಡುವಿನಲ್ಲಿ ಸೂರ್ಯನನ್ನು ಸಮೀಪಿಸುವುದು, ಒಂದು ತಿಂಗಳು ಹೆಚ್ಚುಕಡಿಮೆಯಾಗಬಹುದು ಎಂದು 1758ರ ನವೆಂಬರಿನಲ್ಲಿ ಕ್ಲೇರೋ ಪ್ರಕಟಿಸಿದನು. ಅದು ಮಾರ್ಚ್ 13ರಂದು ಸಮೀಪಿಸಿತು.

ಮೊದಲು ಲೆಪೋತಳ ಉಪಕಾರವನ್ನು ಸ್ಮರಿಸಿದ್ದ ಕ್ಲೇರೋ, 1760ರ ತನ್ನ ಗ್ರಂಥದಲ್ಲಿ ಆಕೆಯ ಹೆಸರನ್ನು ಬಿಟ್ಟುಬಿಟ್ಟನು. ಇದನ್ನು ಓದಿದಾಗ ನಮಗೆ ಸಂಕಟವಾಯಿತು. ಸೂತ್ರವನ್ನು ಕಂಡವನ ಬುದ್ಧಿಗೆ ನಾವೂ ಕೈಮುಗಿಯುತ್ತೇವೆ. ಆದರೆ ಲೆಕ್ಕವಿಲ್ಲದ ಸೂತ್ರವು ಒಲೆಹಚ್ಚದ ಅಡುಗೆಯಂತೆ. ಅದರಿಂದ ಯಾರ ಹಸಿವೂ ಹಿಂಗದು. ಹಬ್ಬದ ಊಟವನ್ನು ಹೊಗಳುವವರು ಮನೆಯೊಡೆಯನನ್ನು ಹರಸಿ ಹೋಗುವುದನ್ನೂ, ಬೆಳಗಿನಿಂದ ಹೊಗೆಯಲ್ಲಿ ಬೆಂದವರು ಬಾಗಿಲ ಮರೆಯಲ್ಲಿ ನಿಂತು ಅದನ್ನು ಕೇಳುವುದನ್ನೂ ನಾವು ಕಂಡವರಲ್ಲವೆ?

ಆಕೆಯಂತೂ ಕೈಕಟ್ಟಿ ಕೂಡಲಿಲ್ಲ. 1764ರ ಏಪ್ರಿಲ್ 1ರ ಕಂಕಣ ಸೂರ್ಯಗ್ರಹಣವು ಯೂರೋಪಿನಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ಕಾಣುವುದೆಂಬ ನಕ್ಷೆಯನ್ನು ರಚಿಸಿದಳು. ಗಂಡನ ಸೋದರಳಿಯನನ್ನು ತಿದ್ದಿ ಖಗೋಳಜ್ಞನನ್ನಾಗಿ ಮಾಡಿದಳು. ಕಡೆಯ ವರ್ಷಗಳಲ್ಲಿ ರೋಗಿಯಾದ ಗಂಡನನ್ನು ಆರೈಕೆಮಾಡುತ್ತ 1788ರಲ್ಲಿ ಕಣ್ಮುಚ್ಚಿದಳು.

ಆಕೆಯ ಹೆಸರು ಅಳಿಯದಂತೆ ಉಳಿಸಿದವನು ಜೊತೆಗೂಡಿ ದುಡಿದ ಲಲಾಂದನೇ. ಆಕೆಯ ನೆರವಿಲ್ಲದಿದ್ದರೆ ಇಂಥ ಮಹತ್ಕಾರ್ಯಕ್ಕೆ ಕೈಹಾಕುವ ಧೈರ್ಯ ತನಗೆ ಬರುತ್ತಿರಲಿಲ್ಲವೆಂದು ಆತನು ಬಿಚ್ಚುಮನಸ್ಸಿನಿಂದ ಬರೆದಿಟ್ಟನು. ಇಂದು ಚಂದ್ರನ ಮೇಲಿನ ಒಂದು ಕುಳಿಗೆ ಲೆಪೋತಳ ಹೆಸರಿದೆ.

ಹ್ಯಾಲಿಯ ಧೂಮಕೇತುವು 1910ರಲ್ಲಿಯೂ 1986ರಲ್ಲಿಯೂ ಬಂದುಹೋಯಿತು. ಇನ್ನು 2061ರಲ್ಲಿ ಬರುವುದು. ಅಂದು ಮಕ್ಕಳಿಗೆ ಅದನ್ನು ಬೆರಳುಮಾಡಿ ತೋರಿಸುವ ಹಿರಿಯರು ಹ್ಯಾಲಿಯ ಹೆಸರಿನೊಡನೆ ಈ ತಾಯಿಯ ಹೆಸರನ್ನೂ ಹೇಳಲಿ ಎಂಬುದು ನಮ್ಮ ಹಾರೈಕೆ. ಅದಕ್ಕೆ ಅಷ್ಟು ಕಾಲ ಕಾಯಬೇಕಾದುದೂ ಇಲ್ಲ. ಇಂದಿನ ಊಟದ ಹೊತ್ತಿನಲ್ಲಿಯೇ ಹೇಳಬಹುದು.